ಸ್ಟಾರ್ಟ್‌ಅಪ್ ಕೊನೆಗೆ ಬಿಡಬೇಡ

ಶಿರಸಿ

ಚಿ. ಶ್ರೀಧರನಿಗೆ ಆಶೀರ್ವಾದಗಳು.

ನಿನ್ನ ಬ್ಯಾಂಡ್‌ಗ್ಯಾಪ್ ಸ್ಕೀಮ್ಯಾಟಿಕ್, ಅಂದರೆ ಉಷ್ಣತೆ ಬದಲಾದರೂ ಕದಲದ ವೋಲ್ಟೇಜ್ ಕೊಡುವ ಸರ್ಕ್ಯೂಟಿನ ನಕ್ಷೆ, ನೋಡಿದೆ. ಸಪ್ಲೈ 1.0 ವೋಲ್ಟ್ ಇರುವಾಗ 1.2 ವೋಲ್ಟಿನ ಹಳೇ ಜೋಡಣೆಗೆ ಜಾಗವೇ ಇಲ್ಲ. 1999ರಲ್ಲಿ ಬಾನ್ಬಾ ಮತ್ತು ಜೊತೆಗಾರರು ಪ್ರಕಟಿಸಿದ ಮಾದರಿಯಂತೆ ಕರೆಂಟುಗಳನ್ನು ಕೂಡಿಸಿ 0.6 ವೋಲ್ಟ್ ತೆಗೆದದ್ದು ಸರಿ. ಡಯೋಡಿನಂತೆ ಜೋಡಿಸಿದ ಪಿಎನ್‌ಪಿ ಟ್ರಾನ್ಸಿಸ್ಟರುಗಳು 1:8, ಅವುಗಳ ವಿಬಿಇ (ಬೇಸ್–ಎಮಿಟರ್ ವೋಲ್ಟೇಜ್) ನಡುವಿನ ವ್ಯತ್ಯಾಸ, ಅಂದರೆ ಡೆಲ್ಟಾ ವಿಬಿಇ, 54 ಮಿಲಿವೋಲ್ಟ್, ಆರ್2–ಆರ್1 ರೆಸಿಸ್ಟರುಗಳ ಅನುಪಾತ 10ರ ಆಸುಪಾಸು, ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಸ್ಟಾರ್ಟ್‌ಅಪ್ (ಸಪ್ಲೈ ಬಂದಾಗ ಸರ್ಕ್ಯೂಟನ್ನು ಎಬ್ಬಿಸುವ ಭಾಗ) ಕೊನೆಗೆ ನೋಡಿಕೊಳ್ಳುತ್ತೇನೆ ಎಂದಿದ್ದೀಯಲ್ಲ, ಅದು ಬೇಡ.

ಹಳೇ ಸರ್ಕ್ಯೂಟಿನಲ್ಲಿ ಸಿಕ್ಕಿಕೊಳ್ಳುವ ಜಾಗ ಒಂದೇ, ಕರೆಂಟ್ ಸೊನ್ನೆಯಾದಾಗ. ಇದರಲ್ಲಿ ಡಯೋಡಿಗೆ ಅಡ್ಡಲಾಗಿ ಆರ್2 ಇದೆ. ಅವೆರಡೂ ಸೇರುವ ಬಿಂದು, ಅಂದರೆ ನೋಡ್, 0.3 ವೋಲ್ಟಿನಲ್ಲಿದ್ದರೆ ಡಯೋಡು ಎದ್ದಿರುವುದಿಲ್ಲ, ಕರೆಂಟೆಲ್ಲ ಆರ್2 ಮೂಲಕವೇ ಇಳಿಯುತ್ತದೆ. ಎರಡೂ ಬದಿಯ ಆರ್2 ಸಮ, ಕರೆಂಟ್ ಸಮ. ಆಂಪ್ಲಿಫೈಯರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. 0.2 ಆದರೂ ಅದಕ್ಕೆ ಅಷ್ಟೇ, 0.3 ಆದರೂ ಅಷ್ಟೇ. ಮೇಲೆ ಹತ್ತುತ್ತದೋ ಇಲ್ಲವೋ ಎಂಬುದನ್ನು ಆಂಪ್ಲಿಫೈಯರಿನ ಆಫ್‌ಸೆಟ್ (ಎರಡು ಇನ್‌ಪುಟ್ ನಡುವಿನ ಸಣ್ಣ ವೋಲ್ಟೇಜ್ ದೋಷ) ನಿರ್ಧರಿಸುತ್ತದೆ. ಹಾಗಾಗಿ ಕರೆಂಟ್ ಹರಿಯಿತೆಂದು ಕೈಬಿಡುವ ಸ್ಟಾರ್ಟ್‌ಅಪ್ ಇಲ್ಲಿ ಸಾಲದು. ನೋಡ್ 0.5 ದಾಟಿತೇ ಎಂದು ನೋಡುವುದೂ ಅಪಾಯವೇ: 125 ಡಿಗ್ರಿಯಲ್ಲಿ ವಿಬಿಇ ತಾನಾಗಿಯೇ 0.45ರ ಹತ್ತಿರ ಇಳಿಯುತ್ತದೆ, ಸ್ಟಾರ್ಟ್‌ಅಪ್ ಬಿಡುವುದೇ ಇಲ್ಲ, ಔಟ್‌ಪುಟ್ ಕೆಡುತ್ತದೆ. ಅದರ ಬದಲು ಡಯೋಡಿಗೆ ಸರಣಿಯಲ್ಲಿರುವ ಆರ್1 ಮೇಲಿನ ವೋಲ್ಟೇಜ್ ನೋಡು. ಡಯೋಡ್ ಎದ್ದರೆ ಮಾತ್ರ ಅಲ್ಲಿ ವೋಲ್ಟೇಜ್ ಹುಟ್ಟುವುದು. −40ರಲ್ಲೂ 42 ಮಿಲಿವೋಲ್ಟ್ ಇರುತ್ತದೆ. ಬೇಕೆಂದೇ 20 ಮಿಲಿವೋಲ್ಟ್ ಆಫ್‌ಸೆಟ್ ಕೊಟ್ಟ ಪುಟ್ಟ ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಸರ್ಕ್ಯೂಟ್) ಸಾಕು.

ಸಪ್ಲೈ ಬೇಗ ಏರುವ ರ‍್ಯಾಂಪಿನಲ್ಲಿ ಕೆಪಾಸಿಟೆನ್ಸಿನ ತಳ್ಳುವಿಕೆಯಿಂದಲೇ ಸರ್ಕ್ಯೂಟ್ ಎದ್ದುಬಿಡುತ್ತದೆ, ಸಿಮ್ಯುಲೇಶನ್ ಚೆಂದ ಕಾಣುತ್ತದೆ. ನಿನ್ನದು ತೋಟದ ಮಣ್ಣಿನ ತೇವ ಅಳೆಯುವ ಚಿಪ್. ಆಷಾಢದ ಬೆಳಗ್ಗೆ ಅಡಿಕೆ ಮರದಡಿಯ ಸೋಲಾರ್ ತುಣುಕಿನಿಂದ ಸಪ್ಲೈ ಏರಲು ನಿಮಿಷಗಟ್ಟಲೆ ಹಿಡಿಯಬಹುದು. 1 ಮೈಕ್ರೋಸೆಕೆಂಡ್, 1 ಮಿಲಿಸೆಕೆಂಡ್, 1 ಸೆಕೆಂಡ್ ಮೂರೂ ರ‍್ಯಾಂಪ್ ಓಡಿಸು, ಎಲ್ಲ ಕಾರ್ನರಿನಲ್ಲೂ (ತಯಾರಿಕೆ, ಸಪ್ಲೈ, ಉಷ್ಣತೆಯ ಎಲ್ಲೆಗಳಲ್ಲೂ), ಆಂಪ್ಲಿಫೈಯರ್ ಇನ್‌ಪುಟ್ಟಿಗೆ ±10 ಮಿಲಿವೋಲ್ಟ್ ತುರುಕಿ. ಎರಡೂ ನೋಡನ್ನು 0.2ರಲ್ಲಿ ಕೂರಿಸಿ ಬಿಟ್ಟು ನೋಡು, ಎದ್ದು ಬರಲೇಬೇಕು.

ಇನ್ನು ಚಳಿ. ಶಿರಸಿಯಲ್ಲಿ −40 ಎಲ್ಲಿಂದ ಬರಬೇಕು ಅನ್ನಬೇಡ, ಸ್ಪೆಕ್ಕಿನಲ್ಲಿದೆ. ಅಲ್ಲಿ ವಿಬಿಇ 0.8, ಸಪ್ಲೈ ಶೇ 10 ಕುಸಿದರೆ ಕರೆಂಟನ್ನು ನಕಲಿಸುವ ಮಿರರಿಗೆ ಉಳಿಯುವುದು 0.1 ವೋಲ್ಟ್. ಡಯೋಡಿನ ಕರೆಂಟ್ ಹತ್ತನೇ ಒಂದಕ್ಕೆ ಇಳಿಸಿದರೆ 46 ಮಿಲಿವೋಲ್ಟ್ ಗಿಟ್ಟುತ್ತದೆ, ಆದರೆ ಬಿಸಿಯಲ್ಲಿ ಲೀಕೇಜ್ (ಸೋರುವ ಕರೆಂಟ್) ಆ ಸಣ್ಣ ಕರೆಂಟನ್ನು ಕೆಡಿಸುತ್ತದೆ. ಆರ್2 ಮಧ್ಯದಿಂದ ಆಂಪ್ಲಿಫೈಯರಿಗೆ ಕೊಟ್ಟರೆ ಅದರ ಪಿಮಾಸ್ (ಒಂದು ಬಗೆಯ ಟ್ರಾನ್ಸಿಸ್ಟರ್) ಇನ್‌ಪುಟ್ ಆರಾಮ, ಆಫ್‌ಸೆಟ್ಟಿನ ಕಾಟ ಮಾತ್ರ ದುಪ್ಪಟ್ಟು.

ಆ ಕಾಟ ಸಣ್ಣದಲ್ಲ: 5 ಮಿಲಿವೋಲ್ಟ್ ಆಫ್‌ಸೆಟ್ ನಿನ್ನ 0.6ರಲ್ಲಿ ಸುಮಾರು 25 ಮಿಲಿವೋಲ್ಟ್ ಆಗುತ್ತದೆ. ಪಿಎನ್‌ಪಿಗಳನ್ನು 1:24 ಮಾಡು. ಡೆಲ್ಟಾ 82 ಮಿಲಿವೋಲ್ಟಿಗೆ ಏರುತ್ತದೆ, ಆರ್2–ಆರ್1 ಅನುಪಾತ 6.5ಕ್ಕೆ ಇಳಿಯುತ್ತದೆ, 25 ಪಿಎನ್‌ಪಿ 5×5 ಚೌಕದಲ್ಲಿ ಒಂದನ್ನು ನಟ್ಟನಡುವೆ ಇಟ್ಟು ಕೂರುತ್ತವೆ. ಇನ್‌ಪುಟ್ ಟ್ರಾನ್ಸಿಸ್ಟರುಗಳನ್ನು ದೊಡ್ಡದು ಮಾಡಲು ಜಿಪುಣತನ ಬೇಡ.

ಮಿರರ್ ಡ್ರೈನುಗಳು ಒಂದೇ ವೋಲ್ಟೇಜಿನಲ್ಲಿಲ್ಲ: ಔಟ್‌ಪುಟ್ 0.6ರಲ್ಲೇ ನಿಂತಿದ್ದರೆ ಡಯೋಡ್ ಬದಿ ಉಷ್ಣತೆಯೊಂದಿಗೆ 0.8ರಿಂದ 0.45ಕ್ಕೆ ಜಾರುತ್ತದೆ. ಫಿನ್‌ಫೆಟ್ಟಿನಲ್ಲಿ (ರೆಕ್ಕೆಯಾಕಾರದ ಟ್ರಾನ್ಸಿಸ್ಟರಿನಲ್ಲಿ) ಗೇಟ್ ಉದ್ದ ಮನಬಂದಂತೆ ಹೆಚ್ಚಿಸಲಾಗದು. ಹಾಗಾಗಿ ನಾಲ್ಕಾರು ಟ್ರಾನ್ಸಿಸ್ಟರ್ ಸರಣಿಯಲ್ಲಿ ಪೇರಿಸು. ರೆಸಿಸ್ಟರುಗಳೆಲ್ಲ ಒಂದೇ ಅಳತೆಯ ತುಂಡುಗಳಿಂದ ಕಟ್ಟಿದವಾಗಿರಲಿ, ಅಂಚಿಗೆ ಡಮ್ಮಿ (ಕೆಲಸ ಮಾಡದ ತುಂಡು) ಇರಲಿ. ಇದು ನಿನಗೆ ಗೊತ್ತಿರುವುದೇ. ಟ್ರಿಮ್ಮಿನ (ವೋಲ್ಟೇಜನ್ನು ಸರಿಹೊಂದಿಸುವ) ಸ್ವಿಚ್ಚುಗಳ ಲೀಕೇಜನ್ನು 125 ಡಿಗ್ರಿಯಲ್ಲಿ ಪರೀಕ್ಷಿಸು.

ಲೇಔಟಿಗೆ ಕೊಡುವ ಮುಂಚೆ 1 ಸೆಕೆಂಡಿನ ರ‍್ಯಾಂಪ್ ಪ್ಲಾಟುಗಳನ್ನು ನನಗೆ ಕಳಿಸು.

ಇತಿ,
ನಿನ್ನ ಸೋದರಮಾವ