ಮಗಳಿಗೊಂದು ಪತ್ರ: ಮಂಗಳವಾರ ನೀನು ಬರಬೇಕು

ಪುಟ್ಟಿ,

ಫೋನಿನಲ್ಲಿ ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು "ಹೇಗಿದ್ದೀಯಮ್ಮಾ" ಅಂದಾಗೆಲ್ಲ "ಚೆನ್ನಾಗಿದ್ದೀನಿ, ಊಟ ಆಯ್ತಾ" ಅಂತ ಮಾತು ತೇಲಿಸಿದ್ದೇನೆ. ನಾನು ಚೆನ್ನಾಗಿಲ್ಲ. ಮೊನ್ನೆ ಮುದ್ದೆಗೆ ಎಸರಿಟ್ಟಿದ್ದೆ. ನೀರು ಕುದೀತಿತ್ತು, ಹಿಟ್ಟಿನ ಬಟ್ಟಲು ಕೈಯಲ್ಲೇ ಇತ್ತು, ಸುರಿಯಬೇಕು ಅಂತ ಗೊತ್ತು, ಕೈ ಏಳಲಿಲ್ಲ. ನೀರೆಲ್ಲ ಇಂಗಿ ಪಾತ್ರೆ ಸೀಯುವವರೆಗೂ ಹಾಗೇ ನಿಂತಿದ್ದೆ. ನಿಮ್ಮಪ್ಪ ಬಂದು ಒಲೆ ಆರಿಸಿ, ಒಂದು ಮಾತೂ ಆಡದೆ ಹೋಟೆಲಿನಿಂದ ಇಡ್ಲಿ ತಂದರು.

ಡಿಪ್ರೆಶನ್ನಿಗೆ ಅಂತ ಮೊದಲು ಎಸಿಟಲೋಪ್ರಾಮ್ ಮಾತ್ರೆ ಕೊಟ್ಟರು, ಆಮೇಲೆ ವೆನ್ಲಾಫ್ಯಾಕ್ಸಿನ್. ಒಂದೊಂದನ್ನೂ ಎರಡು ತಿಂಗಳಿಗಿಂತ ಜಾಸ್ತಿ ಬಿಡದೆ ನುಂಗಿದೆ. ಸರಿಯಾದ ಡೋಸಿನಲ್ಲಿ ಎರಡು ಥರದ ಮಾತ್ರೆ ತಗೊಂಡರೂ ಡಿಪ್ರೆಶನ್ ಬಗ್ಗದಿದ್ದರೆ ಬೇರೆ ದಾರಿ ನೋಡಬೇಕಂತೆ. ಇಲ್ಲಿನ ಡಾಕ್ಟರೇ ಕೆಟಮಿನ್ ಅಂದರು. ಮಂಡ್ಯದಲ್ಲಿ ಇದಕ್ಕೆ ಕೊಡುವವರು ತಮಗೆ ಗೊತ್ತಿಲ್ಲ ಅಂತಲೂ ಅಂದರು.

ಹೆಸರು ಕೇಳಿ ಗಾಬರಿಯಾಗಬೇಡ. ಪಾರ್ಟಿಯಲ್ಲಿ ಸಿಕ್ಕಿಬಿತ್ತು ಅಂತ ಪೇಪರಿನಲ್ಲಿ ಬರುತ್ತಲ್ಲ, ಅದೇ. ಆದರೆ 1970ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿದ, ಆಪರೇಷನ್‌ಗೆ ಮುಂಚೆ ಜ್ಞಾನ ತಪ್ಪಿಸೋ ಔಷಧಿಯೂ ಅದೇ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಸಿಗಲ್ಲ, ಬಿಗಿ ನಿಯಮದ ಔಷಧಿಗಳ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನಲ್ಲಿದೆ, ಬೀಗದೊಳಗೇ ಇಡಬೇಕು. ಅದು ಸರಿಯೇ. ಆದರೆ ಹೊಟ್ಟೆ ಕುಯ್ಯೋಕೆ ನಮ್ಮೂರಲ್ಲೇ ಸಿಗೋ ಔಷಧಿಗೆ, ಮನಸ್ಸು ಕೆಟ್ಟವಳು ಇಷ್ಟು ಅಲೆಯಬೇಕಾ ಅಂತ ಅಳು ಬಂತು ಕಣೇ.

ಒಂದು ಕಡೆ ಫೋನ್ ಮಾಡಿದರೆ ಮೊದಲು ರೇಟು ಹೇಳಿದರು. ಬಿಪಿ ಇದೆಯಾ, ಯಾವ ಮಾತ್ರೆ ತಗೋತಿದ್ದೀರಾ, ಏನೂ ಕೇಳಲಿಲ್ಲ. ನಾಳೆಯೇ ಬನ್ನಿ ಅಂದರು. ನಾನು ಹೋಗಲಿಲ್ಲ.

ಆಮೇಲೆ ಮೈಸೂರಿನಲ್ಲಿ ಒಬ್ಬ ಸೈಕಿಯಾಟ್ರಿಸ್ಟ್ ಸಿಕ್ಕರು. ದುಡ್ಡಿನ ಮಾತು ಕೊನೆಗೆ ಬಂತು. ಮೊದಲು ಒಂದು ಗಂಟೆ ಬರೀ ಕೇಳಿದರು. ಮನೆಯಲ್ಲಿ ಯಾರಿಗಾದರೂ ಇಲ್ಲದ ದನಿ ಕೇಳಿಸೋ ಕಾಯಿಲೆ ಇತ್ತಾ, ಹಾರ್ಟಿನ ತೊಂದರೆ ಇದೆಯಾ, ಎಲ್ಲ. ಸಾಯಬೇಕು ಅನ್ನಿಸಿದೆಯಾ ಅಂತಲೂ ಕೇಳಿದರು. ಹೌದು ಅಂದೆ. ಪಕ್ಕದಲ್ಲೇ ನಿಮ್ಮಪ್ಪ ಇದ್ದರು. ಅವರು ನನ್ನ ಬ್ಯಾಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಕೂತಿದ್ದರು. ಮನೆಗೆ ಬಂದವರೇ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಅನ್ನು ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು. ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಈಗ ಅವರೇ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕೊಡುತ್ತಾರೆ.

ಕೆಟಮಿನ್ ಮೈತೂಕದ ಕೆಜಿಗೆ ಅರ್ಧ ಮಿಲಿಗ್ರಾಂ ಲೆಕ್ಕ. ನಾನು 58 ಕೆಜಿ, ಅಂದರೆ 29 ಮಿಲಿಗ್ರಾಂ, ಡ್ರಿಪ್ಪಿನಲ್ಲಿ 40 ನಿಮಿಷ. ಅರಿವಳಿಕೆ ಡಾಕ್ಟರೂ ಇರುತ್ತಾರೆ. ಮೈಯಿಂದ ನಾನೇ ದೂರ ಹೋದ ಹಾಗೆ ಅನ್ನಿಸಬಹುದು, ಬಿಪಿ ಏರಬಹುದು, ಅದಕ್ಕೇ ಮುಗಿದ ಮೇಲೂ ಎರಡು ಗಂಟೆ ಕೂರಿಸಿ ನೋಡುತ್ತಾರೆ. ಮಾತ್ರೆ ಥರ ವಾರಗಟ್ಟಲೆ ಕಾಯಬೇಕಿಲ್ಲ, ಹಿಡಿಸಿದರೆ ಒಂದು ದಿನದಲ್ಲೇ ಗೊತ್ತಾಗುತ್ತಂತೆ. ಆದರೆ ಎಲ್ಲರಿಗೂ ಹಿಡಿಸಲ್ಲ. ಹಿಡಿಸಿದರೂ ಒಂದು ಸಲದ್ದು ವಾರ ಹತ್ತು ದಿನಕ್ಕೆ ಇಳಿದುಹೋಗಬಹುದು. ಅದಕ್ಕೇ ವಾರಕ್ಕೆ ಎರಡರಂತೆ ಆರು ಸಲ. ಮಾತ್ರೆ ನಿಲ್ಲಿಸೋ ಹಾಗಿಲ್ಲ. ನಿಮ್ಮಪ್ಪ ಚೀಟಿ ದುಡ್ಡು ಎತ್ತಿದ್ದಾರೆ, ದುಡ್ಡಿನ ಯೋಚನೆ ನಿನಗೆ ಬೇಡ.

ಮಂಗಳವಾರ ಮೊದಲನೇ ಸಲದ್ದು. ಅವತ್ತು ಒಬ್ಬಳೇ ವಾಪಸ್ ಬರೋ ಹಾಗಿಲ್ಲ, ಜೊತೆಗೆ ಒಬ್ಬರು ಇರಲೇಬೇಕು. ನಿಮ್ಮಪ್ಪ ಬರುತ್ತಾರೆ. ಆದರೂ ಕಣ್ಣು ಬಿಟ್ಟಾಗ ನಿನ್ನ ಮುಖ ಕಾಣಬೇಕು ಅಂತ ನನಗೆ ಆಸೆ. ನಿನ್ನ ಕೆಲಸ, ರಜೆ ಅಂತ ಯಾವತ್ತೂ ಬಾ ಅಂದವಳಲ್ಲ ನಾನು. ಈಗ ಕೇಳುತ್ತಿದ್ದೇನೆ. ಸೋಮವಾರ ಸಂಜೆ ಬೆಂಗಳೂರಿನಿಂದ ರೈಲು ಹತ್ತಿಬಿಡು, ನಿಮ್ಮಪ್ಪ ಸ್ಟೇಷನ್ನಿಗೆ ಬಂದಿರುತ್ತಾರೆ.

ಅಮ್ಮ