ಫುಟ್‌ಬಾಲ್ ಮಾಷ್ಟ್ರ ಸನ್ಮಾನ ಶಾಲಿನಲ್ಲೇ ಮುಗಿಯದಿರಲಿ

ಮಾನ್ಯ ಸಂಪಾದಕರೇ,

ಕುಂಬಳೆ ಸಮೀಪದ ನಮ್ಮೂರಿನಲ್ಲಿ ಮೊನ್ನೆ ಸೆವೆನ್ಸ್ (ತಂಡಕ್ಕೆ ಏಳು ಜನ ಆಡುವ ಫುಟ್‌ಬಾಲ್) ಪಂದ್ಯಾಟದ ಫೈನಲ್‌ಗೆ ಮುಂಚೆ ಹಿರಿಯರೊಬ್ಬರಿಗೆ ಸನ್ಮಾನ ನಡೆಯಿತು. ಜೀವಮಾನವಿಡೀ ಫುಟ್‌ಬಾಲ್ ಆಡಿದವರು, ಮಕ್ಕಳಿಗೆ ಆಡಲು ಕಲಿಸಿದವರು. ಅವರ ಕೈಯಲ್ಲಿ ಕಲಿತವರೇ ಕಮಿಟಿಯಲ್ಲಿ ನಿಂತು ಮಾಡಿಸಿದ್ದರಿಂದ ನನಗೆ ಅದು ಯಾವ ಸರಕಾರಿ ಪ್ರಶಸ್ತಿಗೂ ಕಡಿಮೆಯೆನಿಸಲಿಲ್ಲ. ಪ್ರಚಾರ ಬಯಸದವರಾದ್ದರಿಂದ ಇಲ್ಲಿ ಹೆಸರು ಬರೆಯುತ್ತಿಲ್ಲ. ಊರಿಗೆಲ್ಲ ಅವರು ‘ಮಾಷ್ಟ್ರು’. ಆದರೆ ಯಾವ ಶಾಲೆಯಿಂದಲೂ ಸಂಬಳ ಪಡೆದವರಲ್ಲ.

ಅವರು ಕಲಿಸುವ ನಮ್ಮ ಪದವಿನ, ಅಂದರೆ ಎತ್ತರದ ಬಯಲಿನ, ನೆಲ ಮುರಕಲ್ಲಿನದು. ಬಿದ್ದರೆ ಮೊಣಕಾಲಿನ ಸಿಪ್ಪೆ ಹೋಗುತ್ತದೆ, ಚೆಂಡು ಎಲ್ಲಿಗೆ ಪುಟಿಯುತ್ತದೆಂದು ಹೇಳಲಾಗದು. ಹಾಗಾಗಿ ಬಂದ ಚೆಂಡನ್ನು ಒಂದೇ ಸಲಕ್ಕೆ ಕಾಲಡಿಯಲ್ಲಿ ನಿಲ್ಲಿಸಲು ಬರುವ ತನಕ ಯಾರಿಗೂ ಗೋಲಿನ ಕಡೆ ಹೊಡೆಯಲು ಅವರು ಬಿಡುವುದಿಲ್ಲ. ಬಲಗಾಲಿನಷ್ಟೇ ಎಡಗಾಲೂ ಪಳಗಬೇಕು. ತುಳು, ಕನ್ನಡ, ಮಲಯಾಳ, ಬ್ಯಾರಿ, ಉಪ್ಪಳದ ಕಡೆಯಿಂದ ಬಂದವರ ಉರ್ದು, ಯಾವ ಮಗುವಿನ ಮನೆಮಾತು ಯಾವುದೋ ಅದರಲ್ಲೇ ತಿದ್ದುತ್ತಾರೆ. ಹೆಣ್ಣುಮಕ್ಕಳನ್ನು ಕಳಿಸಿ ಎಂದು ಮನೆಮನೆಗೆ ಹೋಗಿ ಕೇಳಿದ್ದೂ ಅವರೇ.

ಸೆವೆನ್ಸ್ ವಿಷಯದಲ್ಲಿ ಅವರದು ಖಡಾಖಂಡಿತ ಮಾತು. ಕೊಯ್ಲಾದ ಗದ್ದೆಯಲ್ಲಿ ದೀಪ ಕಟ್ಟಿ ಆಡುವ ಆ ಆಟ ನಮ್ಮೆಲ್ಲರಿಗೂ ಪ್ರಾಣ, ನನಗೂ ಸಹ. ಆದರೆ ಚಿಕ್ಕ ಅಂಕಣದಲ್ಲಿ ಏಳು ಜನರ ನಡುವೆ ಮಾತ್ರ ಬೆಳೆದ ಹುಡುಗ ಜಿಲ್ಲಾ ಆಯ್ಕೆಗೆ ಹೋದಾಗ, ಹನ್ನೊಂದು ಜನರ ಆಟದಲ್ಲಿ ಚೆಂಡು ತನ್ನ ಹತ್ತಿರ ಇಲ್ಲದಿರುವಾಗ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಂಗಾಲಾಗುತ್ತಾನೆ. ಅದಕ್ಕೇ ಆದಿತ್ಯವಾರ ಬೆಳಗ್ಗೆ ಹನ್ನೊಂದು ಜನರ ಆಟವೇ ಆಗಬೇಕೆಂಬ ಹಟ ಅವರದು. ಸೆವೆನ್ಸ್‌ನಲ್ಲಿ ಹಣವಿದೆ, ಇದರಲ್ಲಿ ಚಿಕ್ಕಾಸೂ ಇಲ್ಲ.

ದೇಶದ ಮಟ್ಟದಲ್ಲೂ ತರಬೇತುದಾರರನ್ನು ನೆನೆಯುವುದು ತಡವಾಗಿಯೇ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೇ ಸ್ಥಾನಕ್ಕೆ ಒಯ್ದ, 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆಲ್ಲಿಸಿದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಮೂಲತಃ ಶಾಲಾ ಶಿಕ್ಷಕರು. 1963ರಲ್ಲಿ ಅವರು ತೀರಿಕೊಂಡರು. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ. ಆ ಪ್ರಶಸ್ತಿಗೆ ಶಿಷ್ಯರ ಅಂತಾರಾಷ್ಟ್ರೀಯ ಸಾಧನೆಯೇ ಅಳತೆ, ಅದು ಸರಿಯೇ. ಆದರೆ ಹತ್ತು ವರ್ಷದ ಮಗುವಿನ ಕಾಲಿಗೆ ಮೊದಲು ಚೆಂಡು ಕೊಟ್ಟವರನ್ನು ಗುರುತಿಸುವ ಕೆಲಸ ದೆಹಲಿಯಿಂದ ಆಗದು, ಪಂಚಾಯತಿನಿಂದಲೇ ಆಗಬೇಕು. ನಮ್ಮ ಜಿಲ್ಲೆಯ ತೆಂಕಣ ತುದಿಯ ತೃಕ್ಕರಿಪುರದ ಮೊಹಮ್ಮದ್ ರಫಿ 2016ರಲ್ಲಿ ಕೊಚ್ಚಿಯ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ತಲೆಯಿಂದ ಗೋಲು ಹೊಡೆದಾಗ ಬಡಗಿನ ನಾವೂ ಕುಣಿದೆವು. ಚೆಂಡಿನ ಹುಚ್ಚು ಮೊಗ್ರಾಲಿನಲ್ಲೋ ಉಪ್ಪಳದಲ್ಲೋ ಕಡಿಮೆಯಿಲ್ಲ. ಕಡಿಮೆಯಿರುವುದು ದಿನವೂ ಬಂದು ಕಲಿಸುವವರು, ಮತ್ತು ಅವರಿಗೊಂದು ಭದ್ರವಾದ ಮೈದಾನ.

ಕೇರಳ ಸರಕಾರಕ್ಕೆ ‘ಒಂದು ಪಂಚಾಯತ್, ಒಂದು ಆಟದ ಮೈದಾನ’ ಎಂಬ ಯೋಜನೆಯಿದೆ. ಮಾಷ್ಟ್ರು ಕಲಿಸುವ ಆ ಪದವಿನ ಬಯಲನ್ನು ಅಳೆದು, ಗಡಿಗುರುತು ಹಾಕಿ, ಆಟದ ಮೈದಾನವೆಂದು ದಾಖಲೆಯಲ್ಲಿ ಸೇರಿಸಲಿ. ಇಂದು ಅಲ್ಲಿ ಯಾರು ಬೇಕಾದರೂ ಜಲ್ಲಿ ರಾಶಿ ಹಾಕಬಹುದು, ಹಾಕಿದ್ದೂ ಉಂಟು. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಒಂದು ಕೋಣೆ ಬೇಕು.

ಇನ್ನೊಂದು ವಿಷಯ. ಮಾಷ್ಟ್ರಿಗೆ ವಯಸ್ಸಾಗಿದೆ. ಅವರ ಕೆಲಸ ಮುಂದುವರಿಸುವವರಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ‘ಡಿ’ ಲೈಸೆನ್ಸ್ (ತರಬೇತುದಾರರ ಆರಂಭಿಕ ಹಂತದ ಪರವಾನಗಿ) ತರಬೇತಿಯಾದರೂ ಬೇಕು. ಶುಲ್ಕ, ಪ್ರಯಾಣ, ತರಬೇತಿಯ ದಿನಗಳಲ್ಲಿ ತಪ್ಪುವ ಕೂಲಿ ಸೇರಿದರೆ ಕೂಲಿನಾಲಿ ಮಾಡುವ ಹುಡುಗರಿಗೆ ಅದು ಹೊರೆ. ಅವರ ಶಿಷ್ಯರಲ್ಲಿ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಹೋಗಲು ತಯಾರಿದ್ದಾರೆ. ಬರುವ ವಾರ್ಷಿಕ ಯೋಜನೆಯಲ್ಲಿ ಈ ಮೂವರ ಖರ್ಚಿಗೆ ಪಂಚಾಯತ್ ಹಣ ಇಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಓರ್ವ ಫುಟ್‌ಬಾಲ್ ಅಭಿಮಾನಿ
ಕುಂಬಳೆ, ಕಾಸರಗೋಡು ಜಿಲ್ಲೆ