ಬಟ್ಟೆ ಚೀಲದ ದಾನದ ಹಣಕ್ಕೆ ಲೆಕ್ಕ ಕೊಡುವ ಹಾಗೂ ನಿಂತ ಯೋಜನೆಯನ್ನು ಮತ್ತೆ ನಡೆಸುವ ಕುರಿತು ಮನವಿ

ಇವರಿಗೆ,
ಮಾನ್ಯ ಮುಖ್ಯಾಧಿಕಾರಿಗಳು, ಪುರಸಭೆ

ಇವರಿಂದ,
ಮೀನುಪೇಟೆ, ಸಂತೆಮಾಳ ಹಾಗೂ ಬಂದರು ರಸ್ತೆಯ ನಿವಾಸಿಗಳು, ಉತ್ತರ ಕನ್ನಡ ಜಿಲ್ಲೆ

ಮಾನ್ಯರೇ,

ನೇರವಾಗಿ ವಿಷಯಕ್ಕೆ ಬರುತ್ತೇವೆ. ಪೀಠಿಕೆಯನ್ನೆಲ್ಲ ಹಿಂದಿನ ಅರ್ಜಿಗಳಲ್ಲಿ ಬರೆದಾಗಿದೆ, ಅವು ತಮ್ಮ ಕಪಾಟಿನಲ್ಲಿವೆ.

ನಿಂತುಹೋದ ಯೋಜನೆ ಹೀಗಿತ್ತು: ಮನೆಯಿಂದ ಚೀಲ ತಂದ ಗಿರಾಕಿಗೆ ಅಂಗಡಿಯವರು ಒಂದು ಬಿಲ್ಲೆ ಕೊಡುವುದು. ಗಿರಾಕಿ ಅದನ್ನು ಅಂಗನವಾಡಿ, ವೃದ್ಧಾಶ್ರಮ, ವಿಶೇಷ ಮಕ್ಕಳ ಶಾಲೆ ಎಂಬ ಮೂರು ಡಬ್ಬಿಗಳಲ್ಲಿ ತನಗೆ ಬೇಕಾದದ್ದಕ್ಕೆ ಹಾಕುವುದು. ತಿಂಗಳ ಕೊನೆಗೆ ಪುರಸಭೆಯವರು ಎಣಿಸಿ, ಬಿಲ್ಲೆಗೊಂದು ರೂಪಾಯಿಯಂತೆ ಅಂಗಡಿಯಿಂದ ಪಡೆದು ಆಯಾ ಸಂಸ್ಥೆಗೆ ಮುಟ್ಟಿಸುವುದು. ಕೊಟ್ಟೆಗೆ, ಅಂದರೆ ಪ್ಲಾಸ್ಟಿಕ್ ಚೀಲಕ್ಕೆ, ಹಾಕುವ ದುಡ್ಡು ಉಳಿಯುತ್ತದಲ್ಲ ಎಂದು ಅಂಗಡಿಯವರೂ ಖುಷಿಯಿಂದಲೇ ಒಪ್ಪಿದ್ದರು. ಇದೇನು ಕಂಡು ಕೇಳರಿಯದ ಯೋಜನೆಯಲ್ಲ. ಅಮೆರಿಕದ ಹೋಲ್ ಫುಡ್ಸ್ ಮಳಿಗೆಗಳು ಚೀಲ ತಂದವರಿಗೆ ಕೆಲವು ಸೆಂಟ್ ಬಿಟ್ಟು, ಬೇಕಿದ್ದರೆ ಅದನ್ನು ಊರಿನ ಸೇವಾ ಸಂಸ್ಥೆಗೆ ಕೊಡಿ ಎಂದವು. ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರಿನಿಂದ ದೊಡ್ಡ ಅಂಗಡಿಗಳು ಕೊಟ್ಟೆಗೆ 5 ಪೆನ್ಸ್ ವಸೂಲು ಮಾಡಿದವು, 2021ರಲ್ಲಿ ಅದು 10 ಆಯಿತು. ಆ ಹಣ ಸತ್ಕಾರ್ಯಕ್ಕೆ ಹೋಗಲಿ ಎಂಬುದು ಅಲ್ಲಿನ ಸರ್ಕಾರದ ಅಪೇಕ್ಷೆ. ನಮ್ಮಲ್ಲಿ ಹಣ ಎಲ್ಲಿಗೆ ಹೋಯಿತು ಎಂಬುದೇ ಪ್ರಶ್ನೆ.

ಉದ್ಘಾಟನೆ ಜೋರಾಗಿಯೇ ಆಯಿತು. ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ಫ್ಲೆಕ್ಸ್ ಕಟ್ಟಿಸಿದಿರಿ. 2016ರ ಮಾರ್ಚ್ 11ರ ರಾಜ್ಯ ಅಧಿಸೂಚನೆ ಕೊಟ್ಟೆಯ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದೆ ಎಂಬುದು ತಮಗೆ ತಿಳಿಯದ್ದೇನಲ್ಲ. ಬಿಲ್ಲೆಗಳೂ ಪ್ಲಾಸ್ಟಿಕ್ಕಿನವೇ! ಆದರೂ ಜನ ಚೀಲ ತಂದರು, ಅಂಗಡಿಯವರು ಮೊದಲ ತಿಂಗಳುಗಳ ಹಣ ಕಟ್ಟಿ ರಸೀದಿ ಪಡೆದರು. ಆಮೇಲೆ ಎಣಿಸಲು ಯಾರೂ ಬರಲಿಲ್ಲ. ಬೀಗದ ಕೈ ತಮ್ಮಲ್ಲಿ. ಡಬ್ಬಿಗಳು ಕಂಠಮಟ್ಟ ತುಂಬಿ, ಉಪ್ಪುಗಾಳಿಗೆ ಬೀಗ ತುಕ್ಕು ಹಿಡಿದು, ಉಳಿದ ಬಿಲ್ಲೆಗಳು ಬಿಸ್ಕತ್ತಿನ ಡಬ್ಬಕ್ಕೆ ಸೇರಿವೆ. ರಸೀದಿ ಕೊಟ್ಟ ಹಣದಲ್ಲಿ ಅಂಗನವಾಡಿಗೆ ಇಂದಿನವರೆಗೆ ಒಂದು ರೂಪಾಯಿಯೂ ಮುಟ್ಟಿಲ್ಲ.

ಕೇಳಲು ಹೋದರೆ ಆರೋಗ್ಯ ಶಾಖೆಯವರು ಲೆಕ್ಕ ಶಾಖೆಗೆ ಕಳಿಸಿದರು. ಲೆಕ್ಕ ಶಾಖೆಯವರು ಹಣ ಬಿಡಲು ಠರಾವು ಬೇಕೆಂದರು. ತೆಗೆದುಕೊಳ್ಳುವಾಗ ಬೇಡದ ಠರಾವು ಕೊಡುವಾಗ ಏಕೆ ಬೇಕು? ಹೋಗಲಿ, ಠರಾವಿಗೆ ಅರ್ಜಿ ಕೊಟ್ಟೆವು. ಸಭೆಗೆ ಕೋರಂ ಇಲ್ಲ. ಆಮೇಲೆ ಚುನಾವಣಾ ನೀತಿ ಸಂಹಿತೆ. ಆಮೇಲೆ ವಿಷಯ ನಿರ್ವಾಹಕರ ವರ್ಗಾವಣೆ. ಹೊಸಬರು ಕಡತವೇ ಸಿಗುತ್ತಿಲ್ಲ, ಝೆರಾಕ್ಸ್ ಕೊಡಿ ಎಂದರು, ಕೊಟ್ಟೆವು, ಅದೂ ಸಿಗುತ್ತಿಲ್ಲ. ಕೊನೆಗೊಂದು ಹಿಂಬರಹ ಬಂತು: ‘ಸದರಿ ವಿಷಯವು ಪರಿಶೀಲನೆಯಲ್ಲಿರುತ್ತದೆ’. ಆನ್‌ಲೈನ್ ದೂರಿಗೆ ‘ಪರಿಹರಿಸಲಾಗಿದೆ’ ಎಂಬ ಉತ್ತರ ಬಂತು, ಜೊತೆಗೆ ಹಾಕಿದ ಫೋಟೋ ಬೇರೆ ವಾರ್ಡಿನ ಗಟಾರದ್ದು.

ಗಟಾರ ಎಂದಾಗ ನೆನಪಾಯಿತು. ಈಗ ಕೊಟ್ಟೆ ಮತ್ತೆ ಬಂದಿದೆ. ಮಳೆ ಹಿಡಿದರೆ ಮೀನುಪೇಟೆಯ ಗಟಾರದ ಬಾಯಿಗೆ ಅದೇ ಕಟ್ಟಿಕೊಂಡು ಕೊಳೆ ನೀರು ಅಂಗಡಿಯೊಳಗೆ ಬರುತ್ತದೆ. ಬಂದರು ರಸ್ತೆಯ ದೀಪ ಕಳೆದ ಮಳೆಗಾಲದಿಂದ ಉರಿದಿಲ್ಲ. ಕಸದ ಗಾಡಿ ಬಂದ ದಿನವೇ ನಮಗೆ ಹಬ್ಬ. ಘನತ್ಯಾಜ್ಯ ಕರ ಮಾತ್ರ ಮನೆ ಕರದ ಜೊತೆ ತಪ್ಪದೆ ಬರುತ್ತದೆ.

ಪ್ಲಾಸ್ಟಿಕ್ ದಂಡದ ರಸೀದಿ ಪುಸ್ತಕ ಮೊನ್ನೆ ಹೊರಬಂದದ್ದು ಯಾರ ಮೇಲೆ? ಬುಟ್ಟಿ ಹೊತ್ತು ಬಂದು ರಸ್ತೆ ಬದಿಯಲ್ಲಿ ಕುಳಿತ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರ ಮೇಲೆ. ಬಸಳೆಯನ್ನು ಬಾಳೆನಾರಿನಲ್ಲಿ ಕಟ್ಟಿ ಕೊಡುವವರು ಅವರು. ಕುಮಟೆಯ ಸಿಹಿ ಈರುಳ್ಳಿಯಂತೂ ಜಡೆ ಹೆಣೆದೇ ಮಾರಾಟಕ್ಕೆ ಬರುತ್ತದೆ, ಅದಕ್ಕೆ ಚೀಲವೇ ಬೇಡ. ಕೊಟ್ಟೆ ಕಟ್ಟುಕಟ್ಟಾಗಿ ಇಳಿಯುವ ಹೋಲ್‌ಸೇಲ್ ಗೋದಾಮಿನ ಕಡೆ ತಮ್ಮ ಜೀಪು ದಾರಿ ತಪ್ಪಿಯೂ ಹೋಗುವುದಿಲ್ಲ.

ಆದ್ದರಿಂದ ಹದಿನೈದು ದಿನಗಳೊಳಗೆ ಸಂಗ್ರಹವಾದ ಹಣದ ಅಂಗಡಿವಾರು ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಚ್ಚಿ, ಹಣವನ್ನು ಆಯಾ ಸಂಸ್ಥೆಗೆ ಚೆಕ್ ಮೂಲಕ ಕೊಡಬೇಕು. ಡಬ್ಬಿಗಳ ಬೀಗದ ಕೈಯನ್ನು ಅಂಗಡಿಕಾರರು ಮತ್ತು ನಿವಾಸಿಗಳ ಸಮಿತಿಗೆ ಒಪ್ಪಿಸಬೇಕು. ಎಣಿಸುವ ಕಷ್ಟ ತಮಗೆ ಬೇಡ, ಅಂಗಡಿಯವರು ಇನ್ನು ನೇರವಾಗಿ ಸಂಸ್ಥೆಗೇ ಕೊಡಲಿ. ಬಿಲ್ಲೆಯನ್ನು ತೆಂಗಿನ ಗರಟೆಯಲ್ಲಿ ಮಾಡಿಸಬಹುದು. ಮೀನಿಗೆ ಸ್ಟೀಲ್ ಡಬ್ಬಿ ತಂದವರಿಗೂ ಬಿಲ್ಲೆ ಸಿಗಬೇಕು. ಕಳೆದ ಸಲ ‘ಚೀಲ ಎಂದರೆ ಚೀಲ’ ಎಂದು ತಮ್ಮವರು ನಿರಾಕರಿಸಿದ್ದರು. ನೀರು ಸೋರುವ ಬಂಗಡೆಯನ್ನು ಬಟ್ಟೆ ಚೀಲದಲ್ಲಿ ಒಯ್ದು ತೋರಿಸಿ ಎಂದು ಮೀನು ಮಾರುವ ಹೆಂಗಸರು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಈ ಅವಧಿಯಲ್ಲಿ ಲೆಕ್ಕ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರುತ್ತದೆ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದಿಟ್ಟಿದ್ದೇವೆ. ತುಂಬಿದ ಡಬ್ಬಿಗಳನ್ನು ಸಂತೆಯ ದಿನ ತಮ್ಮ ಕಚೇರಿಯ ಮೆಟ್ಟಿಲಿಗೆ ತಂದು ಎಲ್ಲರೆದುರು ಬೀಗ ಒಡೆಯುತ್ತೇವೆ. ಈ ಮನವಿಗಾದರೂ ಸ್ವೀಕೃತಿ ಮುದ್ರೆ ಒತ್ತಿ ಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ನಿವಾಸಿಗಳು ಮತ್ತು ಅಂಗಡಿಕಾರರು (ಸಹಿ ಪಟ್ಟಿ ಲಗತ್ತಿಸಿದೆ)

ಲಗತ್ತು: ಹಣ ಕಟ್ಟಿದ ರಸೀದಿಗಳ ಝೆರಾಕ್ಸ್. ಮೂಲ ಪ್ರತಿ ನಮ್ಮ ಬಳಿಯೇ ಇರುತ್ತದೆ.
ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಾಹಿತಿಗಾಗಿ.